ಫಿನ್ಲೆಂಡಿನ ಮಕ್ಕಳ ಸಭೆಗೆ ಮೂರು ಶಾಲು

ರಾಯಚೂರು

ಫಿನ್ಲೆಂಡಿಗೆ ಹೋಗಲು ನನ್ನನ್ನೇ ಏಕೆ ಆರಿಸಿದರು ಎಂದು ನಾನು ಯಾರನ್ನೂ ಕೇಳಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಹನ್ನೊಂದು ವರ್ಷ ದುಡಿದಿದ್ದೇನೆ, ನನ್ನ ಕಡತಗಳು ಅಚ್ಚುಕಟ್ಟಾಗಿವೆ, ಮಕ್ಕಳ ಗ್ರಾಮಸಭೆಯನ್ನು ಒಂದು ವರ್ಷವೂ ತಪ್ಪಿಸಿಲ್ಲ. ಇದೆಲ್ಲ ಕೊನೆಗೂ ಯಾರದೋ ಕಣ್ಣಿಗೆ ಬಿತ್ತು ಎಂದುಕೊಂಡೆ. ನನ್ನಪ್ಪ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ನನ್ನನ್ನು ಓದಿಸಿದವನು. ಸುದ್ದಿ ಕೇಳಿ ಓಣಿಯ ಬುದ್ಧವಿಹಾರದಲ್ಲಿ ಪೇಡೆ ಹಂಚಿ ಬಂದು, "ಅಲ್ಲಿ ಥಂಡಿ ಭಾಳ ಅಂತ. ಕಿವಿ ಕಟ್ಕೊಂಡು ತಿರುಗು" ಎಂದ. ಅವನ ಮಟ್ಟಿಗೆ ಯುರೋಪಿನ ಬಗ್ಗೆ ಇದಕ್ಕಿಂತ ಹೆಚ್ಚು ತಿಳಿಯಬೇಕಾದ್ದು ಏನೂ ಇರಲಿಲ್ಲ.

ಹೊರಟವರು ಮೂವರು. ನಾನು, ನಮ್ಮ ಪಂಚಾಯಿತಿಯ ಹುಡುಗಿ ಹುಲಿಗೆಮ್ಮ, ಮತ್ತು ದುಭಾಷಿಯಾಗಿ ಮಾನ್ವಿಯ ನಿವೃತ್ತ ಇಂಗ್ಲಿಷ್ ಶಿಕ್ಷಕ ಚಾಂದಪಾಷಾ ಮೇಷ್ಟ್ರು. ಹುಲಿಗೆಮ್ಮ ಒಂಬತ್ತನೆಯ ತರಗತಿಯವಳು, ಕುರಿ ಸಾಕುವವರ ಮನೆಯ ಮಗಳು. ಪಂಚಾಯಿತಿ ದೇವದುರ್ಗ ದಾಟಿ ಅರಕೇರಾದ ಕಡೆಗಿದೆ ಎಂದಷ್ಟೇ ಹೇಳುತ್ತೇನೆ. ಊರಿನ ಹೆಸರು ಹೇಳದಿರುವುದಕ್ಕೆ ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ಆಹ್ವಾನ ಬಂದದ್ದು ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯ ಮೂಲಕ. ಫಿನ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಮಕ್ಕಳದೇ ಮಂಡಳಿಯೊಂದಿದೆ. ಮಕ್ಕಳಿಗೆ ಸಂಬಂಧಪಟ್ಟ ಯಾವುದನ್ನೇ ಆಗಲಿ, ಅಲ್ಲಿನ ನಗರಸಭೆ ಈ ಮಂಡಳಿಯನ್ನು ಕೇಳಿಯೇ ತೀರ್ಮಾನಿಸುತ್ತದೆ. ಬೇರೆ ದೇಶದ ಮಕ್ಕಳೂ ಬಂದು ಕೂತು ನೋಡಲಿ, ಮಾತಾಡಲಿ ಎಂದು ಕರೆದಿದ್ದರು. ಆಹ್ವಾನಪತ್ರವನ್ನು ಮೇಷ್ಟ್ರು ಪೂರ್ತಿ ಓದಿದ್ದರು. ನಾನು ನನ್ನ ಹೆಸರಿರುವ ಸಾಲನ್ನು ಮಾತ್ರ ಓದಿದೆ.

ಮೇಷ್ಟ್ರ ಚೀಲದ ಅರ್ಧ ಭಾಗವನ್ನು ಮೂರು ಜರಿ ಶಾಲುಗಳು ತುಂಬಿದ್ದವು. ಮೇಯರ್‌ಗೆ ಒಂದು, ಮಂಡಳಿಯ ಅಧ್ಯಕ್ಷರಿಗೆ ಒಂದು, ಮೂರನೆಯದು ತುರ್ತಿಗೆ. "ಬರೀ ಕೈಲೆ ಹೋದ್ರ ಮಾನ್ವಿ ಮಂದಿ ಇಜ್ಜತ್ ಏನು ಉಳಿತದ ಮೇಡಮ್?" ಎಂದರು. ನಾನೂ ಒಪ್ಪಿದೆ. ಸನ್ಮಾನವಿಲ್ಲದ ಸಭೆಯನ್ನು ನಾನೂ ನೋಡಿರಲಿಲ್ಲ.

ಹೈದರಾಬಾದ್, ಮತ್ತು ಆಕಾಶ

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಹುಲಿಗೆಮ್ಮನ ಚೀಲವನ್ನು ಪಕ್ಕಕ್ಕೆ ಎಳೆದರು. ಒಳಗೆ ಅವಳವ್ವ ಕಟ್ಟಿಕೊಟ್ಟ ಒಣಗಿದ ಕಟಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಕೆಂಪು ಚಟ್ನಿಪುಡಿಯನ್ನು ನೋಡಿದ ಅಧಿಕಾರಿ ಮುಖ ಗಂಟಿಕ್ಕಿ "ಏಮಿಟಿದಿ?" ಎಂದ. ನಾನು ಗುರುತಿನ ಚೀಟಿ ತೆಗೆದು, ನಾನು ಸರ್ಕಾರಿ ಅಧಿಕಾರಿ ಎಂದು ಶುರು ಮಾಡುವಷ್ಟರಲ್ಲಿ ಹುಲಿಗೆಮ್ಮ ತೆಲುಗಿನಲ್ಲೇ ಶೇಂಗಾ ಎಷ್ಟು, ಮೆಣಸಿನಕಾಯಿ ಎಷ್ಟು, ಬಳ್ಳೊಳ್ಳಿ ಎಷ್ಟು ಎಂದು ಹೇಳಿ ಮುಗಿಸಿದ್ದಳು. ಅವನು ಮುಚ್ಚಳ ತೆಗೆದು ಮೂಸಿದ, ಎರಡು ಸಲ ಸೀನಿದ, ಡಬ್ಬಿ ಮುಚ್ಚಿ ಕೊಟ್ಟ. ಕುರಿಗಳನ್ನು ಹೊಡೆದುಕೊಂಡು ತೆಲಂಗಾಣದ ಗಡಿ ದಾಟುವ ಅಪ್ಪನ ಹಿಂದೆ ಸುತ್ತಿ ಕಲಿತ ತೆಲುಗು ಅದು.

ವಿಮಾನದಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೋಡಗಳನ್ನು ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದಳು.

"ಮೇಡಮ್, ಪರಿಶೀಲಿಸಲಾಗುವುದು ಅಂದ್ರ ಏನ್ರಿ?"

"ವಿಚಾರ ಮಾಡಿ ನೋಡೋದು."

"ಯಾರು ನೋಡ್ತಾರ್ರಿ?"

"ನಾನೇ ನೋಡಬೇಕು."

"ನೋಡಿದ್ರೇನ್ರಿ?"

ನಾನು ವಿಮಾನದವರು ಕೊಟ್ಟ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ.

ಅವಳು ಹಾಗೆ ಕೇಳಿದ್ದೇಕೆಂದು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳ ಗ್ರಾಮಸಭೆ ಎಂದರೆ ವರ್ಷಕ್ಕೊಮ್ಮೆ ಪಂಚಾಯಿತಿಯವರು ಮಕ್ಕಳನ್ನು ಕೂಡಿಸಿ, ಅವರಿಗೆ ಬೇಕಾದ್ದನ್ನು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆದು, ಉತ್ತರ ಕೊಡುವ ಸಭೆ. ನಮ್ಮಲ್ಲಿ ಅದು ಹನ್ನೊಂದಕ್ಕೆ ಶುರು. ವೇದಿಕೆಯ ಮೇಲೆ ಹದಿನೈದು ಜನ ಗಣ್ಯರು. ಸ್ವಾಗತ, ದೀಪ, ಹಾರ, ಶಾಲು, ಮಕ್ಕಳೇ ದೇಶದ ಭವಿಷ್ಯ ಎಂಬ ಭಾಷಣಗಳು. ಅಷ್ಟರಲ್ಲಿ ಬಿಸಿಯೂಟದ ಸಾರಿನ ವಾಸನೆ ಶಾಮಿಯಾನದೊಳಗೆ ಬಂದಿರುತ್ತದೆ. ಉಳಿದ ಹದಿನೈದು ನಿಮಿಷದಲ್ಲಿ ಮಕ್ಕಳು ತಮ್ಮ ಶಾಲೆಯ ಮೇಷ್ಟ್ರುಗಳು ಬರೆದುಕೊಟ್ಟ ಚೀಟಿ ಓದುತ್ತಾರೆ. ಆ ಚೀಟಿಗಳು ಹಿಂದಿನ ದಿನವೇ ನನ್ನ ಮೇಜಿಗೆ ಬಂದಿರುತ್ತವೆ, ಹಾಗಾಗಿ ಉತ್ತರವೂ ಸಿದ್ಧವಿರುತ್ತದೆ.

ಹುಲಿಗೆಮ್ಮ ಹಿಂದಿನ ಎರಡು ವರ್ಷವೂ ಚೀಟಿ ಬಿಟ್ಟು ಮಾತಾಡಿದಳು. ಊರಿನ ಗ್ರಂಥಾಲಯ ನಮ್ಮ ಪಂಚಾಯಿತಿಯದು. ಬೆಳಿಗ್ಗೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತದೆ. ಶಾಲೆ ಬಿಡುವುದೂ ಆ ಹೊತ್ತಿಗೇ. "ಸಂಜಿ ಮುಂದ ಎರಡು ತಾಸು ತೆರೀರಿ, ನಾವು ಕುಂತು ಓದ್ತೀವಿ" ಎಂದಳು. ಅವಳ ಮನೆ ಒಂದೇ ಕೋಣೆ. ಅಪ್ಪ, ಅವ್ವ, ಅಜ್ಜಿ, ಇಬ್ಬರು ತಮ್ಮಂದಿರು, ಒಂದು ಟಿವಿ. ಅವಳಕ್ಕ ಹತ್ತನೆಯದರಲ್ಲಿ ಫೇಲಾಗಿದ್ದಳು, ಆ ವರ್ಷವೇ ಮದುವೆಯ ಮಾತು ಶುರುವಾಗಿ ಓದು ಅಲ್ಲಿಗೇ ನಿಂತಿತು. ಇವಳಿಗೂ ಮನೆಯಲ್ಲಿ ಹೇಳಿರುವುದು ಅದನ್ನೇ: ಪಾಸಾದರೆ ಮುಂದಕ್ಕೆ ಓದು, ಇಲ್ಲದಿದ್ದರೆ ಇಲ್ಲ. ಇದನ್ನು ಅವಳು ಮೊದಲ ವರ್ಷ ಅಳುತ್ತ ಹೇಳಿದ್ದಳು, ಎರಡನೆಯ ವರ್ಷ ಅಳದೆ ಹೇಳಿದಳು. ನಾನು ಎರಡು ವರ್ಷವೂ "ಪರಿಶೀಲಿಸಲಾಗುವುದು" ಎಂದು ಬರೆದು ಸಹಿ ಹಾಕಿದೆ. ಎರಡನೆಯ ಸಲ ಅವಳು ಕೆಳಗಿಳಿಯುವಾಗ, "ಮುಂದಿನ ಸಲ ನಾ ಕೇಳೋದಿಲ್ರಿ" ಅಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತ್ತು.

ಮೊದಲ ದಿನ: ಕಾಲುಚೀಲ

ಆ ಊರಿನ ಹೆಸರನ್ನು ಐದು ದಿನವೂ ನಾನು ಸರಿಯಾಗಿ ಉಚ್ಚರಿಸಲಿಲ್ಲ. ಎಲ್ಲೆಲ್ಲೂ ಬಿಳಿ ತೊಗಟೆಯ ಮರಗಳು, ಹಳದಿಗೆ ತಿರುಗಿದ ಎಲೆ, ಒಂದು ಕೆರೆ. ನಮ್ಮಲ್ಲಿ ಇಷ್ಟು ತುಂಬಿದ ಕೆರೆ ಇದ್ದರೆ ದಂಡೆಯ ಮೇಲೆ ನಾಲ್ಕು ಮಂದಿಯಾದರೂ ಬಟ್ಟೆ ಒಗೆಯುತ್ತಿದ್ದರು. ಇಲ್ಲಿ ಒಂದು ಬೆಂಚು, ಅದರ ಮೇಲೆ ಒಬ್ಬ ಮುದುಕ. ಇನ್ನೊಬ್ಬ ಬಂದವನು ಅವನ ಪಕ್ಕ ಜಾಗವಿದ್ದರೂ ಮುಂದಿನ ಬೆಂಚಿಗೆ ಹೋದ.

ಶಾಲೆಯ ಬಾಗಿಲಲ್ಲೇ ಎಲ್ಲರೂ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಹೋಗುತ್ತಾರೆ, ಮುಖ್ಯ ಶಿಕ್ಷಕಿಯೂ. ಚಪ್ಪಲಿ ಹೊರಗೆ ಬಿಡುವುದರಲ್ಲಿ ಇವರು ನಮ್ಮವರೇ ಎಂದು ಹುಲಿಗೆಮ್ಮ ಖುಷಿಪಟ್ಟಳು. ಮೇಷ್ಟ್ರು ಮಾತ್ರ ಬಾಗಿಲಲ್ಲೇ ನಿಂತರು. ಅವರ ಕಾಲುಚೀಲದಿಂದ ಎರಡೂ ಹೆಬ್ಬೆರಳು ಹೊರಗೆ ಇಣುಕುತ್ತಿದ್ದವು. "ನಲವತ್ತು ವರ್ಷ ಪಾಠ ಮಾಡೀನಿ, ಈ ಪೇಪರ್ ಬರ್ತದಂತ ಯಾರೂ ಹೇಳಿರಲಿಲ್ಲ" ಎನ್ನುತ್ತ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡೇ ಇಡೀ ಮಧ್ಯಾಹ್ನ ಕಳೆದರು.

ಊಟ ಇಲ್ಲಿಯೂ ಶಾಲೆಯದೇ. ಆಲೂಗಡ್ಡೆ, ಮೀನು, ಉಪ್ಪಿದೆಯೋ ಇಲ್ಲವೋ ತಿಳಿಯದ ಒಂದು ಬಿಳಿ ಸಾರು. ಹುಲಿಗೆಮ್ಮ ಡಬ್ಬಿ ತೆಗೆದು ಮೂರೂ ತಟ್ಟೆಗೆ ಹಿಂಡಿ ಉದುರಿಸಿದಳು. ಎದುರಿಗಿದ್ದ ಹುಡುಗನೊಬ್ಬ ಬೆರಳ ತುದಿಯಲ್ಲಿ ಮುಟ್ಟಿ ರುಚಿ ನೋಡಿ ಮೂರು ಲೋಟ ಹಾಲು ಕುಡಿದ.

ನನ್ನನ್ನು ಕಾಡಿದ್ದು ಇವರ ಮೌನ. ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ನಾವು ಉತ್ತರ ಕೊಡುವವರೆಗೆ ಮುಖ ನೋಡುತ್ತ ಕಾಯುತ್ತಾರೆ. ಬೇಸರವಿಲ್ಲ, ಅವಸರವಿಲ್ಲ, ನಡುವೆ ಮತ್ತೊಂದು ಮಾತು ಹಾಕಿ ನಮ್ಮನ್ನು ಪಾರು ಮಾಡುವುದೂ ಇಲ್ಲ. ನಮ್ಮಲ್ಲಿ ಉತ್ತರ ಗೊತ್ತಿಲ್ಲದಿದ್ದರೆ "ಚಾ ಕುಡೀರಿ" ಎನ್ನಬಹುದು. ಇಲ್ಲಿ ಚಹಾವೂ ಕೈಗೆಟುಕುವಂತಿರಲಿಲ್ಲ. ಪಂಚಾಯಿತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಒಬ್ಬಳು ಕೇಳಿದ್ದಕ್ಕೆ, ಮೌನ ತಡೆಯಲಾರದೆ ನಾನು ಕುಡಿಯುವ ನೀರಿನ ಯೋಜನೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಅವಳು ಪೂರ್ತಿ ಕೇಳಿ, ಮತ್ತೆ ಎಷ್ಟು ಮಕ್ಕಳಿದ್ದಾರೆ ಎಂದಳು.

ಎರಡನೆಯ ದಿನ: ಬೀಗವಿಲ್ಲದ ಬಾಗಿಲು

ಆ ಸಂಜೆ ಊರಿನ ಗ್ರಂಥಾಲಯ ತೋರಿಸಲು ಐನೊ ಬಂದಳು. ಹದಿಮೂರು ವರ್ಷದ ಹುಡುಗಿ, ಮಕ್ಕಳ ಮಂಡಳಿಯ ಅಧ್ಯಕ್ಷೆ. ನಾವು ಹೋದಾಗ ಸಿಬ್ಬಂದಿ ಮನೆಗೆ ಹೋಗಿಯಾಗಿತ್ತು. ಐನೊ ಜೇಬಿನಿಂದ ಓದುಗರ ಕಾರ್ಡು ತೆಗೆದು ಬಾಗಿಲಿನ ಪಕ್ಕದ ಪೆಟ್ಟಿಗೆಗೆ ಹಿಡಿದಳು. ಬಾಗಿಲು ತೆರೆಯಿತು. ಒಳಗೆ ದೀಪವಿತ್ತು, ಬೆಚ್ಚಗಿತ್ತು, ಐದಾರು ಮಕ್ಕಳು ಓದುತ್ತಿದ್ದರು. ಕಾಯಲು ಯಾರೂ ಇಲ್ಲ. ಶಾಲೆ ಬಿಟ್ಟ ಮೇಲೆ ಕೂರಲು ಜಾಗವಿಲ್ಲ ಎಂದು ಮಂಡಳಿಯವರೇ ಕೇಳಿ ಮಾಡಿಸಿಕೊಂಡದ್ದಂತೆ.

ಹುಲಿಗೆಮ್ಮ ಒಂದು ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಎರಡೂ ಅಂಗೈ ಚಾಚಿದಳು. ಅಲ್ಲಿನ ಒಂದು ಪುಸ್ತಕವೂ ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಅರ್ಧ ಗಂಟೆ ಆ ಕುರ್ಚಿಯಿಂದ ಏಳಲಿಲ್ಲ. ನನಗೆ ನಾಚಿಕೆಯಾಯಿತು. ಕಾರ್ಡು, ಪೆಟ್ಟಿಗೆ, ತಾನಾಗಿ ತೆರೆಯುವ ಬಾಗಿಲು ನಮ್ಮಲ್ಲಿ ಆಗದ ಮಾತು, ನಿಜ. ಆದರೆ ಅವಳು ಅದನ್ನೆಲ್ಲ ಕೇಳಿರಲಿಲ್ಲ. ನನ್ನ ಮೇಜಿನ ಖಾನೆಯಲ್ಲಿ ಬಿದ್ದಿರುವ ಒಂದು ಕೀಲಿಕೈ ಕೇಳಿದ್ದಳು, ಅಷ್ಟೇ.

ಮೂರನೆಯ ದಿನ: ಸಭೆ

ಸಭೆಗೆ ವೇದಿಕೆ ಇರಲಿಲ್ಲ. ಗುಂಡಗೆ ಹಾಕಿದ ಕುರ್ಚಿಗಳು, ಮಧ್ಯೆ ಒಂದು ಅಡುಗೆಮನೆಯ ಗಡಿಯಾರ, ಮೊಟ್ಟೆ ಬೇಯಿಸುವಾಗ ಗಂಟೆ ಹೊಡೆಯುವಂಥದ್ದು. ಯಾರು ಮಾತಾಡಲು ಎದ್ದರೂ ಮಕ್ಕಳು ಅದನ್ನು ತಿರುಗಿಸಿಡುತ್ತಾರೆ, ಗಂಟೆ ಹೊಡೆದರೆ ಮಾತು ಮುಗಿಸಬೇಕು. ಗೋಡೆಯ ಹಲಗೆಯಲ್ಲಿ ಮೂರು ಅಂಕಣ: ಹೌದು, ಇಲ್ಲ, ಇಂಥ ದಿನದೊಳಗೆ. ಮಕ್ಕಳು ಕೇಳಿದ್ದಕ್ಕೆ ದೊಡ್ಡವರು ಈ ಮೂರರಲ್ಲಿ ಒಂದು ಉತ್ತರ ಕೊಡಬೇಕು. ಇಲ್ಲ ಎಂದರೆ ಯಾಕೆ ಎಂದೂ ಹೇಳಬೇಕು. ನಾಲ್ಕನೆಯ ಅಂಕಣವಿದೆಯೇ ಎಂದು ಹುಡುಕಿದೆ. ನನ್ನ ಹನ್ನೊಂದು ವರ್ಷದ ಸೇವೆ ಬಹುಪಾಲು ಆ ನಾಲ್ಕನೆಯದರಲ್ಲೇ ನಡೆದಿತ್ತು.

ಐನೊ ಸಭೆ ಶುರು ಮಾಡುವ ಮೊದಲೇ ಮೇಷ್ಟ್ರು ಎದ್ದು ನಿಂತು ಶಾಲು ಬಿಚ್ಚಿದರು. ಭಾರತದ, ಕರ್ನಾಟಕದ, ರಾಯಚೂರು ಜಿಲ್ಲೆಯ, ಮಾನ್ವಿಯ ಪರವಾಗಿ ಎಂದು ಶುರುವಾದ ಭಾಷಣ ಮಾನ್ವಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಐನೊ ಬಹಳ ವಿನಯದಿಂದ, ಇದು ಮಕ್ಕಳ ಸಮಯ, ಉಡುಗೊರೆಯನ್ನು ಸಭೆ ಮುಗಿದ ಮೇಲೆ ಕೊಡಬಹುದೇ ಎಂದು ಕೇಳಿದಳು. ಮೇಷ್ಟ್ರು ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಸಭೆ ಮುಗಿದ ಕೂಡಲೇ ಎಲ್ಲರೂ ಬೂಟು ಹಾಕಿಕೊಂಡು ಹೊರಟುಹೋದದ್ದರಿಂದ ಮೂರೂ ಶಾಲು ನಮ್ಮ ಜೊತೆಗೇ ವಾಪಸು ಬಂದವು.

ಮೊದಲು ಒಂಬತ್ತು ವರ್ಷದ ಹುಡುಗನೊಬ್ಬ ಎದ್ದ. ಚಳಿಗಾಲದಲ್ಲಿ ಶಾಲೆಯ ಹಿಂದಿನ ಸೈಕಲ್ ದಾರಿಯ ಹಿಮ ತೆಗೆಯುತ್ತೀರಾ ಎಂದು ಕೇಳಿದ. ನಗರಸಭೆಯ ಎಂಜಿನಿಯರ್, ಆರಡಿ ಮೀರಿದ ಆಳು, ಇಲ್ಲ ಎಂದ. ತಾನೇ ಹೋಗಿ ಅಳೆದು ನೋಡಿದ್ದೇನೆ, ಯಂತ್ರ ಆ ದಾರಿಯಲ್ಲಿ ಹಿಡಿಸುವುದಿಲ್ಲ ಎಂದು ಅಗಲವನ್ನು ಕೈಯಲ್ಲಿ ತೋರಿಸಿದ. ಹುಡುಗ ತಲೆಯಾಡಿಸಿ ಕೂತ. ಅಳಲಿಲ್ಲ, ವಾದಿಸಲಿಲ್ಲ. ನನಗೆ ಇದು ವಿಚಿತ್ರವಾಗಿ ಕಂಡಿತು. ಇಲ್ಲ ಎಂದರೆ ಮಕ್ಕಳಿಗೆ ನೋವಾಗುತ್ತದೆ ಎಂದೇ ನಾನು ಇಲ್ಲ ಎನ್ನದೆ ಬಂದವಳು.

ಆಮೇಲೆ ಐನೊ ನಮ್ಮ ಕಡೆ ತಿರುಗಿ ಮಾತಾಡಿದಳು. ಮೇಷ್ಟ್ರು ಅದನ್ನು ಕನ್ನಡಕ್ಕೆ ತರುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಂಡರು.

"ನಿನಗ ಉತ್ತರ ಕೊಡಬೇಕಾದ ದೊಡ್ಡವರನ್ನ ನೀನೇ ಆರಿಸಿ ಕರ್ಕೊಂಡು ಬಾ ಅಂತ ಬರದಿದ್ವಿ. ಹುಲಿಗೆಮ್ಮ ಇವರನ್ನ ಆರಿಸ್ಯಾಳ. ಈಗ ಕೇಳ್ಲಿ, ಅಂತಾಳ."

ನನ್ನ ಕಡತಗಳನ್ನು ಯಾರೂ ನೋಡಿರಲಿಲ್ಲ. ಈ ಹುಡುಗಿ ನನ್ನ ಹೆಸರು ಕೊಟ್ಟಿದ್ದಳು. ಬುದ್ಧವಿಹಾರದಲ್ಲಿ ಹಂಚಿದ ಪೇಡೆಗಳು ನೆನಪಾಗಿ ಕಿವಿ ಬಿಸಿಯಾಯಿತು. ಅವಳ ಕೈಯಲ್ಲಿ ನಾನೇ ಬರೆದುಕೊಟ್ಟ ಎರಡು ಪುಟದ ಭಾಷಣವಿತ್ತು, ನಮ್ಮ ಜಿಲ್ಲೆಯಲ್ಲಿ ಮಕ್ಕಳ ಗ್ರಾಮಸಭೆಗಳ ಯಶಸ್ಸು ಎಂದು. ಅದನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಕೆಳಗಿಟ್ಟಳು.

"ಮೇಡಮ್, ಸಂಜಿ ಮುಂದ ಗ್ರಂಥಾಲಯ ತೆರೀರಿ ಅಂತ ಎರಡು ಸಲ ಕೇಳೀನಿ. ಇನ್ನೊಂದೂವರಿ ವರ್ಷ ಆದ್ರ ನಂದು ಹತ್ತನೆತ್ತಿ ಮುಗೀತದ. ಆಗೂದಿಲ್ಲ ಅಂದ್ರೂ ನಡೀತದ್ರಿ. ಯಾಕ ಅಂತ ಹೇಳ್ರಿ."

ಹೇಳಿ ಕೂತಳು. ಎಂಜಿನಿಯರ್ ನನ್ನನ್ನು ನೋಡುತ್ತಿದ್ದ. ಮೊಟ್ಟೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಸಿಬ್ಬಂದಿ ಕೊರತೆ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಸಮಯ ಬದಲಿಸಿದರೆ ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತೇನೆಂದು ಗ್ರಂಥಪಾಲಕ ಎಂದೋ ಒಪ್ಪಿದ್ದು ಅವಳಿಗೂ ಗೊತ್ತಿತ್ತು.

"ಗ್ರಂಥಾಲಯದ ಮುಂದಿನ ಕಟ್ಟಿ ಮ್ಯಾಲ ಸಂಜಿಗೆ ಊರ ಗಂಡಸರು ಕುಂದ್ರತಾರ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಪಂಚಾಯಿತಿ ಸದಸ್ಯರೂ ಇರ್ತಾರ. ಬೀಡಿ ಸೇದಕೋತ ಬಾಗಲಾ ತುಂಬ ಕುಂತಿರ್ತಾರ. ಅವರನ್ನ ದಾಟಿ ಹುಡುಗ್ಯಾರು ಒಳಗ ಹೋಗೂದಿಲ್ಲ. ಏಳ್ರಿ ಅನ್ನಾಕ ನನಗ ಧೈರ್ಯ ಆಗಲಿಲ್ಲ. ಅದಕ್ಕ ಪರಿಶೀಲಿಸ್ತೀನಿ ಅಂತ ಬರದೆ."

ಮೇಷ್ಟ್ರು ಅದನ್ನು ಒಂದು ಶಬ್ದವೂ ಬಿಡದೆ ಇಂಗ್ಲಿಷಿಗೆ ಹೇಳಿದರು. ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಐನೊ ಕೇಳಿದ್ದು ಒಂದೇ: ಆ ಗಂಡಸರನ್ನು ಯಾರಾದರೂ ಕೇಳಿದ್ದೀರಾ?

ನಾನು ಕೇಳಿರಲಿಲ್ಲ. ಹುಲಿಗೆಮ್ಮ ತಲೆ ತಗ್ಗಿಸಿದಳು. "ಅದ್ರಾಗ ನಮ್ಮಪ್ಪನೂ ಇರ್ತಾನ್ರಿ. ಅದಕ್ಕ ನಾನೂ ಮನ್ಯಾಗ ಹೇಳಿಲ್ಲ. ಸಭಿ ಹೊತ್ತಿಗೆ ಅಂವ ಕುರಿ ಹಿಂದ ಹೋಗಿರ್ತಾನ, ಅವಗ ಗೊತ್ತಿಲ್ಲ."

ಎರಡು ವರ್ಷ ಅವಳು ಮೈಕಿನಲ್ಲಿ ಕೇಳಿದ್ದು ಅವಳಪ್ಪ ಕೂರುವ ಜಾಗವನ್ನು. ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನನ್ನ ಭಯಕ್ಕಿಂತ ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಈ ಹುಡುಗಿ ಎರಡು ಸಲ ಎದ್ದು ನಿಂತಿದ್ದಳು. ಮುಂದಿನ ಸೋಮವಾರ ಕೇಳುತ್ತೇನೆ ಎಂದೆ. ಐನೊ ಮೂರನೆಯ ಅಂಕಣದಲ್ಲಿ ಬರೆದಳು. ಫಿನ್ಲೆಂಡಿನ ಒಂದು ಗೋಡೆಯ ಮೇಲೆ ನಮ್ಮ ಸೋಮವಾರ ಇನ್ನೂ ಇರಬಹುದು.

ದೇವದುರ್ಗದ ಆಚೆ

ಸೋಮವಾರ ಬೆಳಿಗ್ಗೆ ಹುಲಿಗೆಮ್ಮ ಕಚೇರಿಗೆ ಬಂದು, "ಯಾರು ಕೇಳ್ಯಾರಂದ್ರ ನನ್ನ ಹೆಸರು ಹೇಳ್ರಿ" ಎಂದು ಹೇಳಿ ಹೋದಳು. ಸಂಜೆ ಐದೂವರೆಗೆ ಕೀಲಿಕೈ ಹಿಡಿದು ಗ್ರಂಥಾಲಯದ ಮುಂದೆ ನಿಂತೆ. ಕಟ್ಟೆಯ ಮೇಲೆ ಏಳೆಂಟು ಜನ. ನಡುವೆ ಪಂಚಾಯಿತಿ ಸದಸ್ಯರೊಬ್ಬರು, ಮೂಲೆಯಲ್ಲಿ ಕಂಬಳಿ ಹೊದ್ದ ಬೀರಪ್ಪ, ಹುಲಿಗೆಮ್ಮನ ಅಪ್ಪ. ಮಕ್ಕಳಿಗೆ ಓದಲು ಜಾಗ ಬೇಕು, ಸಂಜೆ ಕಟ್ಟೆ ಬಿಟ್ಟುಕೊಡಿ ಎಂದೆ.

"ಪರದೇಶಕ್ಕ ಹೋಗಿ ಇದನ್ನ ಕಲ್ತು ಬಂದ್ರೇನ್ರಿ ಮೇಡಮ್?" ಎಂದರು ಸದಸ್ಯರು. ಎಲ್ಲರೂ ನಕ್ಕರು.

ಹಿಂದಿನ ನಾನಾಗಿದ್ದರೆ ಅವರೊಂದಿಗೆ ನಕ್ಕು, ಇರಲಿ ಬಿಡಿ ಎಂದು ಬಸ್ಸು ಹಿಡಿಯುತ್ತಿದ್ದೆ. ಸುಮ್ಮನೆ ನಿಂತೆ. ನಗು ಮುಗಿಯಿತು, ನಾನು ನಿಂತೇ ಇದ್ದೆ.

"ಯಾರ ಹುಡುಗಿ ಕೇಳ್ಯಾಳ್ರಿ?" ಎಂದ ಬೀರಪ್ಪ.

"ನಿಮ್ಮ ಮಗಳು. ಎರಡು ವರ್ಷದಿಂದ ಕೇಳಾಕತ್ತಾಳ."

ಅವನು ಬೀಡಿಯನ್ನು ಕಟ್ಟೆಯ ಅಂಚಿಗೆ ಒತ್ತಿ ಆರಿಸಿದ. ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. "ನನಗ ಒಂದು ಮಾತು ಅಂದಿದ್ರ ಆಗತಿತ್ತಲ್ರೀ ಮೇಡಮ್. ಬೇವಿನ ಗಿಡದ ಬುಡಕ ಏನು ಮುಳ್ಳು ಅದಾವೇನು?" ಎಂದು ಎದುರಿನ ಬೇವಿನ ಗಿಡದ ಕೆಳಗೆ ಹೋಗಿ ಕೂತ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಸದಸ್ಯರು ಮಾತ್ರ ಎರಡು ದಿನ ಹಟದಿಂದ ಒಬ್ಬರೇ ಕೂತರು. ಮಾತಿಗೆ ಜೊತೆಯಿಲ್ಲದೆ ಮೂರನೆಯ ದಿನ ಅವರೂ ಗಿಡದ ಕೆಳಗೆ ಹೋದರು. ಎರಡು ವರ್ಷ ನಾನು ಹೆದರಿದ್ದು ಇಷ್ಟಕ್ಕೆ. ಆ ಎರಡು ವರ್ಷವನ್ನು ಆ ಹುಡುಗಿಗೆ ಹೇಗೆ ವಾಪಸು ಕೊಡಲಿ ಎಂದು ಈಗಲೂ ಬಸ್ಸಿನಲ್ಲಿ ಕೂತಾಗ ಅನ್ನಿಸುತ್ತದೆ.

ಈ ವರ್ಷದ ಮಕ್ಕಳ ಗ್ರಾಮಸಭೆಗೆ ವೇದಿಕೆ ಹಾಕಿಸಲಿಲ್ಲ. ಮೇಷ್ಟ್ರ ಶಾಲುಗಳು ಗ್ರಂಥಾಲಯದ ಸೀಳು ಬಿಟ್ಟ ಮೇಜುಗಳ ಮೇಲಿವೆ, ಒಂದರ ಜರಿಗೆ ಆಗಲೇ ಶಾಯಿ ಚೆಲ್ಲಿದೆ. ಹನ್ನೊಂದಕ್ಕೆ ಸಭೆ ಶುರುವಾಯಿತು. ಐದು ನಿಮಿಷಕ್ಕೆ ಮೊದಲ ಮಗು ಮಾತಾಡಿತು. ಮೂರನೆಯವಳಾಗಿ ಹುಲಿಗೆಮ್ಮ ಎದ್ದಳು.

"ಐತ್ವಾರನೂ ಗ್ರಂಥಾಲಯ ತೆರೀರಿ."

ಪೆನ್ನು ರೂಢಿಯಂತೆ "ಪರಿ" ಎಂದು ಬರೆದೇಬಿಟ್ಟಿತ್ತು. ಅದನ್ನು ಹೊಡೆದುಹಾಕಿ ತಲೆಯೆತ್ತಿದೆ.

"ಆಗೂದಿಲ್ಲ. ಗ್ರಂಥಪಾಲಕರಿಗೆ ವಾರಕ್ಕ ಇರೋದು ಅದೊಂದೇ ರಜಾ. ಅವರವ್ವಗ ಹುಷಾರಿಲ್ಲ, ಆವತ್ತೇ ದವಾಖಾನಿಗೆ ಕರ್ಕೊಂಡು ಹೋಗ್ತಾರ. ನಾನು ಕೇಳಿ ನೋಡೀನಿ."

ಹುಲಿಗೆಮ್ಮ ತಲೆಯಾಡಿಸಿದಳು.

"ಆತ್ರಿ" ಎಂದಳು. "ಮುಂದಿನ ಸಲ ಮತ್ತ ಕೇಳ್ತೀನ್ರಿ."